ಮೊದಲು ಕುರ್ಚಿ ನೋಡು

ಮೊದಲು ಕುರ್ಚಿ ನೋಡಬೇಕು.
ಕುದುರೆ ಆಮೇಲೆ.
ರೀನೋ ಊರಿನ ಶಾಲಾ ಬಸ್ಸನ್ನು
ಇಪ್ಪತ್ತಾರು ವರ್ಷ ಓಡಿಸಿದವಳು ನಾನು, ವರ್ನಾ ವುಕೋವಿಚ್.
ಕೂರುವುದೆಂದರೆ ಏನೆಂದು
ಕೇಳುವುದಿದ್ದರೆ ನನ್ನ ಸೊಂಟವನ್ನು ಕೇಳಿ.

ಹೊಳೆಯಂಚಿನ ನಮ್ಮ ಹಳೆಯ ಕ್ಯಾಸಿನೊ
ಅಕ್ಟೋಬರಿನಲ್ಲಿ ರೇಸಿನ ಕೋಣೆಗೆ ಬೀಗ ಹಾಕಿತು.
ಕಾರ್ಪೆಟ್ಟು ಕಿತ್ತು, ಸುರುಳಿ ಸುತ್ತಿ, ಹಿಂಬಾಗಿಲಲ್ಲಿ ನಿಲ್ಲಿಸಿದ್ದರು.
ನಾವು ಹರಿದು ಬಿಸಾಕಿದ ಚೀಟಿಗಳ ಚೂರು ಚೂರು,
ಸೋತ ಕುದುರೆಗಳ ಇಡೀ ವಂಶ
ಅದರೊಳಗೇ ಸುತ್ತಿಕೊಂಡು ಹೋಯಿತು.
ಈಗ ಅಲ್ಲಿ ಹಣ್ಣಿನ ರಸ ಮಾರುತ್ತಾರಂತೆ.

ಹೀಗೆ, ಎಪ್ಪತ್ತೊಂದನೆಯ ವಯಸ್ಸಿನಲ್ಲಿ,
ವರ ನೋಡಲು ಹೊರಟವರ ಹಾಗೆ
ಕೈಚೀಲ ಹಿಡಿದು ಹೊರಟೆ.

ಮೊದಲನೆಯದು ಗಾಜಿನ ಗೋಪುರ.
ತೊಗಲಿನ ಕುರ್ಚಿ; ಗುಂಡಿ ಒತ್ತಿದರೆ
ಕಾಲು ತಾನಾಗಿ ಮೇಲೇಳುತ್ತದೆ.
ಹಾಗೆ ಮಲಗಿದಂತೆ ಕೂತವರನ್ನು ನಾನು
ಹಲ್ಲಿನ ಡಾಕ್ಟರ ಹತ್ತಿರ ಮಾತ್ರ ಕಂಡದ್ದು.
ಒಬ್ಬೊಬ್ಬರಿಗೆ ಒಂದೊಂದು ಪರದೆ, ಕಿವಿಗೆ ಒಂದೊಂದು ಬಿರಡೆ,
ನೀರಿನ ಲೋಟದಲ್ಲಿ ತೇಲುವ ನಿಂಬೆಯ ಬಿಲ್ಲೆ.
ಮೂರನೇ ರೇಸಿನಲ್ಲಿ ನನ್ನ ಎರಡು ಡಾಲರಿನ ಬೂದು ಹೆಣ್ಣುಕುದುರೆ
ಕೊನೆಯ ತಿರುವಿನವರೆಗೂ ಧೂಳು ತಿನ್ನುತ್ತಿದ್ದದ್ದು
ಹೊರಬದಿಯಿಂದ ನುಗ್ಗಿ, ಮೂಗಿನಷ್ಟರಲ್ಲಿ ಗೆದ್ದಿತು.
ಕೂಗಿದೆ. ಬಸ್ಸಿನ ಕೊನೆಯ ಸಾಲಿಗೆ ಕೇಳಿಸುವಂತೆ ಕೂಗಿದೆ.
ಒಬ್ಬರೂ ತಿರುಗಲಿಲ್ಲ.
ಪರದೆ ಮಾತ್ರ ನಯವಾಗಿ ಕೇಳಿತು: ಇನ್ನೊಮ್ಮೆ?
ಹನ್ನೊಂದು ಡಾಲರು ನಲವತ್ತು ಸೆಂಟು.
ಕದ್ದವಳಂತೆ ಚೀಲಕ್ಕೆ ಹಾಕಿಕೊಂಡು ಬಂದೆ.

ಎರಡನೆಯದು ಹೆದ್ದಾರಿಯ ಪಕ್ಕ.
ಕುರ್ಚಿ ಪರವಾಗಿಲ್ಲ. ಆದರೆ ಎದುರಿಗೆ ಕಂಬ.
ಕುದುರೆಗಳೆಲ್ಲ ಕಂಬದ ಎಡಕ್ಕೆ ಹೊಕ್ಕು
ಬಲಕ್ಕೆ ಹೊರಬರುವಾಗ ಸರದಿಯೇ ಬೇರೆ.
ಹೊಗೆ ಬೇರೆ.
ಶೌಚಾಲಯಕ್ಕೆ ತೊಂಬತ್ತನಾಲ್ಕು ಹೆಜ್ಜೆ, ಎಣಿಸಿದ್ದೇನೆ,
ಮಿಣುಕುವ ಜೂಜಿನ ಯಂತ್ರಗಳ ಸಂದಿಯಲ್ಲಿ.
ಎರಡು ರೇಸಿನ ನಡುವೆ ಸಿಗುವುದು ಹದಿನೆಂಟು ನಿಮಿಷ;
ಹೋಗುವುದಕ್ಕೆ ಏಳು, ಬರುವುದಕ್ಕೆ ಒಂಬತ್ತು,
ಉಳಿದೆರಡರಲ್ಲಿ ಕುದುರೆ ಆರಿಸಬೇಕು, ಕೈಯೂ ತೊಳೆಯಬೇಕು.
ಕುದುರೆ ಕಂಡರೆ ಕಾಲು ನೋವು ಅನ್ನುತ್ತಾರೆ.
ನನಗೆ ಕುದುರೆ ಕಾಣದಿದ್ದರೂ ನೋವು.

ಮೂರನೆಯದನ್ನು ನಾನು ಹುಡುಕಿದ್ದಲ್ಲ.
ಸ್ಪಾರ್ಕ್ಸ್‌ನಲ್ಲಿ, ಬೌಲಿಂಗ್ ಅಂಗಳದ ಹಿಂದೆ,
ಹಿಮ ಜೋರಾಯಿತೆಂದು ಒಳಗೆ ಹೊಕ್ಕದ್ದು.
ಆರು ಮೇಜು, ಹಸಿರು ಟೋಪಿಯ ದೀಪ,
ಗೋಡೆಯಾಚೆ ಮರದ ಗೊಂಬೆಗಳು ದಡಬಡ ಉರುಳುವ ಸದ್ದು.
ಪ್ಲಾಸ್ಟಿಕ್ ಕುರ್ಚಿ, ಒಂದು ಕಾಲು ಗಿಡ್ಡ.
ಕೂತರೆ ಈ ಕಡೆ, ಕೆಮ್ಮಿದರೆ ಆ ಕಡೆ.
ಕಿಟಕಿಯ ಗುಮಾಸ್ತ ಕ್ರಿಸಾಂತೊ ಚೀಟಿ ಕೊಡುತ್ತಾ ಹೇಳಿದ:
"ಹೋಗುವಾಗ ಆ ಬಾಗಿಲು ಬೇಡ ಅಮ್ಮ, ಮೆಟ್ಟಿಲಿವೆ."

ಪಕ್ಕದ ಕುರ್ಚಿಯಲ್ಲಿ ಬೆನ್ಯಾತ್ ಎಚೆವೆರಿ,
ಬೆಟ್ಟದ ಮೇಲೆ ಕುರಿ ಕಾಯುತ್ತ ಮುದುಕನಾದ ಬಾಸ್ಕ್ ಮನುಷ್ಯ.
ಗೇಟು ತೆರೆದದ್ದೇ ತಡ ಎದ್ದು ನಿಂತ,
ಯಾರಿಗೂ ತಿಳಿಯದ ತನ್ನ ಭಾಷೆಯಲ್ಲಿ
ಕುದುರೆಯನ್ನೋ, ಸವಾರನನ್ನೋ, ದೇವರನ್ನೋ ಬೈದ.
ಆರೂ ಮೇಜು ನಕ್ಕಿತು.
ನನ್ನ ಕುದುರೆ ಕೊನೆಯಿಂದ ಎರಡನೆಯದು.
ಬೆನ್ಯಾತ್ ನನ್ನ ಚೀಟಿ ನೋಡಲಿಲ್ಲ, ಪರದೆಯನ್ನೇ ನೋಡುತ್ತಿದ್ದ:
"ಮುಂದಿನ ಎಡಗಾಲು ಊರುತ್ತಿಲ್ಲ, ಪಾಪ.
ಯಾರಾದರೂ ಇಳಿದು ನೋಡಬಾರದೇ?"
ಅಷ್ಟರಲ್ಲೇ ಸವಾರ ಇಳಿದ.

ಕುದುರೆಯನ್ನು ಮೆಲ್ಲಗೆ ನಡೆಸಿಕೊಂಡು ಹೋಗುವವರೆಗೆ
ಇಬ್ಬರೂ ಮಾತಾಡಲಿಲ್ಲ.

ಆಮೇಲೆ ಆ ಚೀಟಿಯನ್ನು ಎರಡು ಮಡಿಕೆ, ನಾಲ್ಕು ಮಡಿಕೆ ಮಾಡಿ
ಬಗ್ಗಿ, ಕುರ್ಚಿಯ ಗಿಡ್ಡ ಕಾಲಿಗೆ ಕೊಟ್ಟೆ.
ಕೂತು ನೋಡಿದೆ.
ಇನ್ನೂ ಚೂರು ಅಲ್ಲಾಡುತ್ತಿತ್ತು.
ಚೀಲದಿಂದ ಇನ್ನೆರಡು ಡಾಲರು ತೆಗೆದು
ಕ್ರಿಸಾಂತೊನ ಕಿಟಕಿಗೆ ನಡೆದೆ.