ಕುಲ್ಯಾಶಳ ಬೇಲಿ

ನೂರು ಕಿರಣ ಬಿದ್ದರೆ ನಾಲ್ಕನ್ನಷ್ಟೇ
ಹಿಂದಿರುಗಿಸುವ ಜಿಪುಣ ಅದು.
ಮಂಗಳನಿಂದ ಬಹಳ ಆಚೆ, ಗುರುವಿಗಿಂತ ಈಚೆ,
ಮಸಿ ಹಿಡಿದ ಕೆಟಲಿನ ತಳ,
ಅಡ್ಡಗಲ ಇನ್ನೂರು ಕಿಲೋಮೀಟರು.

ಕರ್ಕರಾಲಿಯ ಹುಲ್ಲುಬಯಲಲ್ಲಿ ಐದು ಮಂದಿ
ಐದು ಕಡೆ ಕೂತದ್ದು
ಅದನ್ನು ನೋಡಲಿಕ್ಕಲ್ಲ,
ಅದು ನುಂಗಲಿರುವ ಚುಕ್ಕಿಯನ್ನು ಕಾಯಲಿಕ್ಕೆ.
ಯೆರ್ಮೆಕ್‌ನ ದುರ್ಬೀನಿಗೆ ಕುದುರೆಯ ಕಂಬಳಿ;
ಬ್ಯಾಟರಿ ಅವನ ಕೋಟಿನೊಳಗೆ,
ಆಗತಾನೆ ಹುಟ್ಟಿದ ಕುರಿಮರಿಯ ಹಾಗೆ.

ಎರಡೂ ಹದಿನಾಲ್ಕಕ್ಕೆ ಚುಕ್ಕಿ ಹೋಯಿತು.
ಯಾರೋ ಊದಿದ್ದಲ್ಲ. ಇತ್ತು, ಇಲ್ಲ.
ಹನ್ನೊಂದು ಎಣಿಸುವಷ್ಟರಲ್ಲಿ
ಏನೂ ಆಗದವರಂತೆ ಮತ್ತೆ ಅಲ್ಲೇ.

ಬೆಳಗ್ಗೆ ಫೋನು. ಒಬ್ಬನಿಗೆ ಒಂಬತ್ತು ಸೆಕೆಂಡು,
ಇನ್ನೊಬ್ಬಳಿಗೆ ಹದಿಮೂರು.
ಅಷ್ಟಷ್ಟು ಕತ್ತಲಿಗೆ ಅಷ್ಟಷ್ಟುದ್ದ ಗೀಟು
ಚೌಕುಳಿ ಕಾಗದದ ಮೇಲೆ.
ಆಕಾರ ಬಂತು, ತೆಂಕಣ ಬದಿ ಮಾತ್ರ ಮುಚ್ಚಲಿಲ್ಲ.

ಕೊನೆಗೆ ಸಿಕ್ಕಿದ ಕುಲ್ಯಾಶ್ ಹಿಂಜರಿದಳು:
"ನನ್ನಲ್ಲಿ ಏನೂ ಆಗಲಿಲ್ಲಪ್ಪ.
ಚುಕ್ಕಿ ರೆಪ್ಪೆ ಬಡಿಯಲಿಲ್ಲ. ನಾನೂ."

ಆ ಕಡೆ ಪೆನ್ಸಿಲು ಹುಡುಕುವ ಸದ್ದು.
"ಹಾಗಿದ್ದರೆ ಅಜ್ಜಿ, ಅದರ ಅಂಚು
ನಿಮ್ಮ ಬೇಲಿಗಿಂತ ಈಚೆಗೇ ಮುಗಿಯಿತು."

ಕುಲ್ಯಾಶ್ ಕಿಟಕಿಯಿಂದ ಬೇಲಿ ನೋಡಿದಳು.
ವಾಲಿದ ಕಂಬಕ್ಕೆ
ಕಪ್ಪು ಹೆಣ್ಗುದುರೆ ಬೆನ್ನುಜ್ಜುತ್ತಿತ್ತು.