ಹೊತ್ತು

ಸಂಜೆ ಆರೂವರೆಗೆ ನುವಾಕ್ಷೋತ್‌ನ ಕ್ರೀಡಾಂಗಣದ ಹೊರಗೋಡೆ ಸುತ್ತ
ಹೆಂಗಸರು ನಡೆಯುತ್ತಾರೆ.
ನೀಲಿ, ಕಿತ್ತಳೆ, ಹಳದಿ ಮೆಲ್ಹ್‌ಫಾಗಳ ಕೆಳಗೆ
ಗಂಡಸರ ಬಿಳಿ ಬೂಟು.
ಅವರಲ್ಲಿ ನಾನೊಬ್ಬಳು, ತೆಕ್ಬರ್.
ಹೆಸರಿಟ್ಟವಳು ಸೋದರತ್ತೆ ಸಲ್ಕಾ;
ನಮ್ಮ ಮಾತಿನಲ್ಲಿ ದೊಡ್ಡವಳಾಗುತ್ತಾಳೆ ಎಂದರ್ಥ.
ಆದೆ.
ಮೊದಲ ಸಲ ತೂಗಿದಾಗ ನೂರಾ ಹದಿನೆಂಟು ಕಿಲೋ.

ಡಾಕ್ಟರ್ ಕುಂಬಾ ಸಣ್ಣ ಹೆಂಗಸು, ನದಿದಂಡೆ ಕಡೆಯವಳು.
ಬೆರಳು ಚುಚ್ಚಿ, ಸಕ್ಕರೆ ಓದಿ, ಕನ್ನಡಕ ಏರಿಸಿದಳು:
"ರಾತ್ರಿ ಹತ್ತಕ್ಕೆ ಕುಸ್‌ಕುಸ್ ತಿಂದು ಹತ್ತೂವರೆಗೆ ಮಲಗುತ್ತೀಯ.
ಗೋಧಿ, ಅಕ್ಕಿ, ಸಜ್ಜೆ ಏನಿದ್ದರೂ ಮಧ್ಯಾಹ್ನಕ್ಕೆ ಮುಗಿಸು,
ಅದೂ ಮುಷ್ಟಿಯಷ್ಟು.
ಮಗ್ರಿಬ್‌ನ ಬಾಂಗು ಆದಮೇಲೆ ಬಾಯಿಗೆ ಬೀಗ.
ಇನ್ನು ಚಹಾದ ಸಕ್ಕರೆ..." ಎಂದು ನನ್ನ ಮುಖ ನೋಡಿ
"ಅದನ್ನು ಬರುವ ವಾರ ಮಾತಾಡೋಣ" ಎಂದಳು.

ಹೊತ್ತು ನೋಡಿ ಉಣ್ಣಬೇಕಂತೆ.
ನನಗೆ ಹೊತ್ತು ಗೊತ್ತಿಲ್ಲವೆ, ಡಾಕ್ಟರಮ್ಮ?
ಏಳನೇ ವಯಸ್ಸಿಗೇ ನನ್ನ ಹೊಟ್ಟೆಗೆ ಗಡಿಯಾರ ಕಟ್ಟಿದ್ದರು.

ಮಳೆ ಬಿದ್ದು ಒಂಟೆಯ ಕೆಚ್ಚಲು ತುಂಬುವ ಆ ಎರಡು ತಿಂಗಳು
ಗುಡಾರದಲ್ಲಿ ನಾವು ಐದು ಹುಡುಗಿಯರು.
ಚುಕ್ಕಿ ಇನ್ನೂ ಇರುವಾಗಲೇ ಮೊದಲ ಬೋಗುಣಿ ಹಾಲು,
ಬಿಸಿಲೇರುವ ಮುಂಚೆ ಸಜ್ಜೆಯ ಅಂಬಲಿ, ಬೆಣ್ಣೆ ತೇಲುವುದು,
ಮಧ್ಯಾಹ್ನ ಹಾಲು, ಇಳಿಹೊತ್ತಿಗೆ ಕುಸ್‌ಕುಸ್,
ನಡುರಾತ್ರಿ ತೋಳು ಹಿಡಿದೆಬ್ಬಿಸಿ ಮತ್ತೆ ಹಾಲು.
ನಿದ್ದೆಗಣ್ಣಲ್ಲಿ ಕುಡಿದದ್ದೇ ಮೈಗೆ ಹತ್ತುವುದು ಎನ್ನುತ್ತಿದ್ದಳು ಅತ್ತೆ.
ಡಾಕ್ಟರಮ್ಮ, ನೀನು ಡಾಕಾರ್‌ಗೆ ಹೋಗಿ ಕಲಿತದ್ದು
ಅವಳಿಗೆ ಗೊತ್ತಿತ್ತು.
ತಿರುಗಿಸಿ ಹಿಡಿದಿದ್ದಳು, ಅಷ್ಟೆ.

ಬೇಡವೆಂದರೆ ಕಾಲ್ಬೆರಳ ನಡುವೆ ಎರಡು ಕಡ್ಡಿ.
ಅವನ್ನು ಒತ್ತುವಾಗ ಅವಳ ಬೆಳ್ಳಿ ಬಳೆ ಸದ್ದು ಮಾಡುತ್ತಿತ್ತು.
ತೋಳಿನ ಚರ್ಮ ಬಿರಿದು ಗೆರೆ ಮೂಡಿದ ದಿನ
ಒಂದೊಂದೂ ಗೆರೆ ಎಣಿಸಿ ಮುತ್ತಿಟ್ಟಳು:
"ಇನ್ನು ಯಾವ ಗಂಡಸಿನ ಕಣ್ಣೂ ನಿನ್ನನ್ನು ದಾಟಿಹೋಗದು."
ಸುಳ್ಳಲ್ಲ. ಹದಿಮೂರಕ್ಕೆ ಮದುವೆಯಾಯಿತು.
ಅವನು ಬಿಟ್ಟುಹೋದದ್ದು ಬೇರೆ ಕಾರಣಕ್ಕೆ.

ಈಗ ಆ ಬೋಗುಣಿಗಳ ಲೆಕ್ಕ ಮಂಡಿ ಹೇಳುತ್ತದೆ.
ಹತ್ತು ದೀಪದ ಕಂಬ ದಾಟಿ ಉಸಿರಿಗಾಗಿ ನಿಲ್ಲುತ್ತೇನೆ.
ಹೊತ್ತುಹೊತ್ತಿಗೆ ಉಂಡದ್ದನ್ನೇ ಹೊತ್ತು ನಡೆಯುತ್ತಿದ್ದೇನೆ,
ಅತ್ತೆ ಎತ್ತಿಕೊಟ್ಟ ಗಂಟು.

ನಾಲ್ಕು ತಿಂಗಳಾಯಿತು. ಒಂಬತ್ತು ಕಿಲೋ ಇಳಿದೆ.
ಮೀನು, ಬದನೆ, ಮೊಟ್ಟೆ. ಸಂಜೆಯಾದರೆ ಬರೀ ನೀರು.
ರಾತ್ರಿ ಹತ್ತಕ್ಕೆ ಪಕ್ಕದ ಮನೆಯ ಕುಸ್‌ಕುಸ್ ಆವಿ
ಗೋಡೆ ಹತ್ತಿ ಬಂದು ಹಾಸಿಗೆ ಬದಿಯಲ್ಲಿ ಕೂರುತ್ತದೆ
ಹಳೇ ನೆಂಟಳ ಹಾಗೆ. ಮಾತಾಡಿಸುವುದಿಲ್ಲ ನಾನು.
ಒಮ್ಮೊಮ್ಮೆ ಮಾತಾಡಿಸುತ್ತೇನೆ. ಒಂದು ಚಮಚ.
ಡಾಕ್ಟರಿಗೆ ಹೇಳಿಲ್ಲ.

ಮಗಳು ನೆಫೀಸಾಗೆ ಹದಿನಾರು.
ಅವಳ ಬಾಯಿಗೆ ಯಾರೂ ಹಾಲು ಸುರಿದಿಲ್ಲ, ನಾನು ಬಿಟ್ಟಿಲ್ಲ.
ನಿನ್ನೆ ತಟ್ಟೆ ಸರಿಸಿ "ಇಪ್ಪತ್ತು ಗಂಟೆ ಆಯ್ತು" ಎಂದಳು,
ಫೋನಿನ ಗಡಿಯಾರ ತೋರಿಸಿ, ಗೆದ್ದವಳ ಹಾಗೆ.
ಕುತ್ತಿಗೆ ಕೆಳಗೆ ಮೂಳೆ,
ಮರಳಲ್ಲಿ ಅರ್ಧ ಹೂತ ದೋಣಿಯ ಅಂಚು.
ಖರ್ಜೂರದ ಬೀಜ ತೆಗೆದು ಅವಳ ತುಟಿಗೆ ಹಿಡಿದೆ.
"ಒಂದೇ ಒಂದು, ನನ್ನ ಬಂಗಾರಿ, ಇದೊಂದು" ಎನ್ನುವಾಗ
ನನ್ನ ಕೈಯ ಬಳೆ ಸದ್ದು ಮಾಡಿತು.

ಕೈ ಇಳಿಸಿದೆ.
ಖರ್ಜೂರ ತಟ್ಟೆಯ ಅಂಚಿನಲ್ಲಿ ಉಳಿಯಿತು.
ನೊಣ ಬಂತು, ಹೋಯಿತು.
ಎಷ್ಟೋ ಹೊತ್ತು ಇಬ್ಬರೂ ಅದನ್ನೇ ನೋಡುತ್ತ ಕೂತೆವು.

ಇವತ್ತು ಬೂಟಿನ ದಾರಕ್ಕೆ ಕೈ ಎಟುಕದೆ ಒದ್ದಾಡುವಾಗ
ಅವಳೇ ಬಂದು ಮಂಡಿಯೂರಿ ಕಟ್ಟಿದಳು.
"ನಾನೂ ಬರ್ತೀನಿ. ಓಡಲ್ಲ, ನಿನ್ನ ಜೊತೇಲೇ ನಡೀತೀನಿ."
ಮೂರನೇ ಸುತ್ತಿಗೆ ಅವಳಿಗೆ ಕಣ್ಣು ಕತ್ತಲಿಟ್ಟಿತು.
ನನ್ನ ತೋಳಿಗೆ ಒರಗಿದಳು. ತೋಳಿತ್ತು, ಬೇಕಾದಷ್ಟು.

ಗೋಡೆಯ ಬುಡದಲ್ಲಿ ಕೂತ ಮುದುಕಿಯಿಂದ
ಹುರಿದ ಶೇಂಗಾ ಕೊಂಡೆ, ಹತ್ತು ಉಗಿಯಾಕ್ಕೆ ಒಂದು ಪೊಟ್ಟಣ.
ಬಾಂಗು ಆಗಿ ಆಗಲೇ ಕಾಲು ಗಂಟೆ.
ಪೊಟ್ಟಣ ನಮ್ಮಿಬ್ಬರ ನಡುವೆ ಇಟ್ಟೆ. ತಿನ್ನು ಅನ್ನಲಿಲ್ಲ.
ನಾನೊಂದು ಸುಲಿದೆ.