ಅರ್ಧ ಹಾಸಿಗೆ

ಪ್ರತಿ ತಿಂಗಳ ಎರಡನೆಯ ಮಂಗಳವಾರ
ಬೂಟಿನ ಹಿಮವನ್ನು ಹೊಸ್ತಿಲಿಗೆ ಕೊಡವಿ
ಅಂಗಡಿ ಅಂಗಡಿ ಹೊಕ್ಕು ಬರುತ್ತೇನೆ, ಏನನ್ನೂ ಕೊಳ್ಳದೆ.
ಕೊಯಾಯ್ಕೆ ಊರಿಗೆಲ್ಲ ಗೊತ್ತು:
ಬೆಲೆ ಬರೆಯುವ ಎದುವೀನಾ ಬಂದಳು.
ಮುದುಕ ಒನೋಫ್ರೆ ಟೊಮೇಟೊ ಬುಟ್ಟಿಯನ್ನು ಬೆಳಕಿಗೆ ಸರಿಸುತ್ತಾನೆ,
ನಾನೇನೋ ಫೋಟೊ ತೆಗೆಯಲು ಬಂದವಳ ಹಾಗೆ.
ಈ ಸಲ ಸ್ವಲ್ಪ ಕಡಿಮೆ ಬರೆದುಕೋ, ಎನ್ನುತ್ತಾನೆ.
ಕಡಿಮೆ ಮಾಡು, ಬರೆದುಕೊಳ್ಳುತ್ತೇನೆ, ಎನ್ನುತ್ತೇನೆ.

ಹಿಟ್ಟು, ಎಣ್ಣೆ, ಮಕ್ಕಳ ಬೂಟು,
ಸೌದೆ: ಲೆಂಗಾ ಮರ, ಒಂದು ಮೀಟರ್, ಒಣಗಿದ್ದು.
ಆ ಕೊನೆಯ ಪದಕ್ಕೆ ಬಂದಾಗ ಪೆನ್ನು ತಡೆಯುತ್ತದೆ.
ಒಣಗಿದ್ದು ಎಂದೇ ಮಾರುತ್ತಾರೆ.
ಒಲೆಗಿಟ್ಟರೆ ತುದಿಯಲ್ಲಿ ನೊರೆ ಕಟ್ಟಿ
ಸುಂಯ್ ಅನ್ನುತ್ತದೆ ಅರ್ಧ ರಾತ್ರಿ.
ಊರಿನ ಹೊಗೆ ಕಣಿವೆಯಲ್ಲೇ ಮಲಗಿರುತ್ತದೆ,
ಎಬ್ಬಿಸುವ ಗಾಳಿ ಬರುವತನಕ.

ಭಾನುವಾರ ತಮ್ಮ ಲಿಸಾಂದ್ರೊ ಫೋನು ಮಾಡಿದ,
ಉತ್ತರದ ಕಲಾಮಾದಿಂದ. ತಾಮ್ರದ ಗಣಿ, ಗುತ್ತಿಗೆ ಕೆಲಸ.
ಬಂದುಬಿಡು ಅಕ್ಕ, ಇಲ್ಲಿ ಕೂಲಿ ಎರಡು ಪಟ್ಟು.
ಬೆಲೆ?
ಅದನ್ನು ನೀನು ಹೇಳಬೇಕು, ನಿನ್ನ ಕಸುಬು ಅದು.

ಸರಿ, ಪೆಸೊ ಬೇಡ, ನಿಮಿಷದಲ್ಲಿ ತೂಗೋಣ ಎಂದೆ.
ಒಂದು ಕಿಲೋ ಟೊಮೇಟೊ: ನನಗೆ ನಲವತ್ತು ನಿಮಿಷದ ದುಡಿಮೆ,
ಅವನಿಗೆ ಇಪ್ಪತ್ತು.
ಗೆದ್ದೆ, ಎಂದ.
ಬಸ್ಸು? ನಾನು ನಡೆಯುತ್ತೇನೆ.
ಸೌದೆ? ನನಗೆ ಮೀಟರಿಗೆ ಎರಡು ದಿನ,
ಚಳಿಗಾಲಕ್ಕೆ ಹದಿನೈದು ಮೀಟರ್.
ಅವನ ಕಡೆ ಸೌದೆಯೇ ಇಲ್ಲ, ಮರವೇ ಇಲ್ಲ;
ಇಲ್ಲದ ವಸ್ತುವಿಗೆ ಎಷ್ಟು ನಿಮಿಷ ಹಾಕಲಿ?
ಕಪ್ಪೆ ತೂಗಿದಂತಾಯಿತು. ಒಂದನ್ನು ಕೂರಿಸಿದರೆ
ಇನ್ನೊಂದು ತಕ್ಕಡಿಯಿಂದ ಜಿಗಿಯುತ್ತದೆ.

ಬಾಡಿಗೆ ಹೇಳು, ಎಂದೆ.
ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.
ಹದಿನೆಂಟು ಗಂಟೆ.
ಒಂದು ಕೋಣೆಗೆ ಅಷ್ಟೇನಾ?
ಕೋಣೆಗಲ್ಲ. ಹಾಸಿಗೆಗೆ.
ಹಾಸಿಗೆಗೂ ಅಲ್ಲ, ಅರ್ಧಕ್ಕೆ. ಹಗಲು ನನ್ನದು,
ರಾತ್ರಿ ಸೆವೆರಿನೊ ಅಂತ ಒಬ್ಬನದು.
ನಾನು ಪಾಳಿ ಮುಗಿಸಿ ಬರುವಾಗ ಅವನು ಹೊರಟಿರುತ್ತಾನೆ,
ಕಂಬಳಿ ಇನ್ನೂ ಬೆಚ್ಚಗಿರುತ್ತದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಿದ್ದಳು ಅಜ್ಜಿ.
ಉದ್ದದ ಮಾತಾಡಿದಳು. ಗಡಿಯಾರದ ಮಾತಾಡಲಿಲ್ಲ.

ಮುಖ ನೋಡಿದ್ದೀಯಾ ಅವನದು?
ಇಲ್ಲ. ದಿಂಬಿನ ಮೇಲೆ ಒಂದೆರಡು ನರೆಗೂದಲು ನೋಡಿದ್ದೇನೆ.
ಒಳ್ಳೆಯವನು. ಹೋಗುವ ಮುಂಚೆ ದಿಂಬನ್ನು ಮಗುಚಿಟ್ಟು ಹೋಗುತ್ತಾನೆ,
ತಣ್ಣನೆಯ ಮಗ್ಗುಲು ನನಗಿರಲಿ ಅಂತ.
ನೀನು?
ನಾನೂ ಈಗ ಹಾಗೇ ಮಾಡುತ್ತೇನೆ.

ಆ ರಾತ್ರಿ ನನ್ನ ಇಡೀ ಹಾಸಿಗೆಯ ಒಂದು ಅಂಚಿನಲ್ಲಿ,
ಕೋಟು ಹಾಕಿಕೊಂಡೇ, ಮುದುರಿ ಮಲಗಿದೆ.
ಕೈ ಚಾಚಿ ನೋಡಿದೆ: ಆ ಕಡೆ ಹದಿನೆಂಟು ಗಂಟೆ
ಖಾಲಿ ಬಿದ್ದಿತ್ತು, ಐಸಿನಂತೆ.

ಗುರುವಾರ ಸಾಂತಿಯಾಗೊ ಕಚೇರಿಯ ಹುಡುಗನೊಬ್ಬ
ಬಹಳ ಮರ್ಯಾದೆಯಿಂದ ಕೇಳಿದ:
ಸೆಞೋರಾ, ನಲವತ್ತೊಂದನೆಯ ಸಾಲು, ಸೌದೆ, ಒಣಗಿದ್ದು.
ಬೆಲೆ ಸ್ವಲ್ಪ ಹೆಚ್ಚೇ ಕಾಣುತ್ತಿದೆ. ಇನ್ನೊಮ್ಮೆ ಖಚಿತಪಡಿಸುತ್ತೀರಾ?

ಫೋನನ್ನು ಮೇಜಿನ ಮೇಲಿಟ್ಟು ಹಿತ್ತಿಲಿಗೆ ಹೋದೆ.
ಎರಡು ತುಂಡು ತೆಗೆದು ಒಂದಕ್ಕೊಂದು ಬಡಿದೆ.
ಒಣಗಿದ್ದರೆ ಠಣ್ ಅನ್ನಬೇಕು.

ಬೆಲೆ ಸರಿಯಿದೆ, ಎಂದೆ ಒಳಗೆ ಬಂದು.
ಆ ಇನ್ನೊಂದು ಪದವನ್ನು ನೋಡಿ.